ಹೆಸರು ಮಾಡಿದ ಮಾಜಿ ಕ್ರೀಡಾಪಟುಗಳಿಗೆ ಚುನಾವಣೆಗೆ ನಿಲ್ಲುವ ಅರ್ಹತೆ ಇದೆಯೇ?

ನೀವು ಕೊಪ್ಪಳದ ಕುಸ್ತಿಪಟು, ಚುನಾವಣೆಗೆ ನಿಲ್ಲಬಹುದೇ ಎಂದು ಕೇಳಿದ್ದೀರಿ. ಕುಸ್ತಿ ಇದ್ದಲ್ಲಿ ಖೋ ಖೋ, ಕೊಪ್ಪಳ ಇದ್ದಲ್ಲಿ ರಾಯಚೂರು ಎಂದು ತಿದ್ದಿಕೊಂಡರೆ ನಿಮ್ಮ ಪ್ರಶ್ನೆ ನನ್ನದೇ. ಪಕ್ಷದವರು ನಿಮ್ಮ ಮನೆಗೆ ಬಂದು ಜಿಲ್ಲಾ ಪಂಚಾಯಿತಿಗೆ ನಿಲ್ಲಿ ಎನ್ನುತ್ತಿದ್ದಾರೆ. ಪದವಿ ಇಲ್ಲದವನಿಗೆ ಇದೆಲ್ಲ ಯಾಕೆ ಎಂದು ನಿಮ್ಮ ತಂದೆಯವರು ಕೇಳುತ್ತಿದ್ದಾರೆ. ನನ್ನ ಮನೆಗೂ ಹೀಗೆಯೇ ಬಂದಿದ್ದರು, 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಗೆ ಸ್ವಲ್ಪ ಮೊದಲು.

ನಮ್ಮದು ಮಾನ್ವಿ ಕಡೆಯ ಊರು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ರಾಜ್ಯ ತಂಡದಲ್ಲಿ ಆಡಿದವಳು ಎಂದು ಸುತ್ತಲಿನ ಹಳ್ಳಿಗಳಲ್ಲಿ ನನ್ನ ಗುರುತಿತ್ತು. ಆಟ ಬಿಟ್ಟ ಮೇಲೆ ಬಿ.ಪಿ.ಇಡಿ (ದೈಹಿಕ ಶಿಕ್ಷಣದ ಪದವಿ) ಮುಗಿಸಿ, ಊರಿನ ಶಾಲೆಯ ಮೈದಾನದಲ್ಲಿ ಸಂಜೆ ಹುಡುಗಿಯರಿಗೆ ಕಲಿಸುತ್ತಿದ್ದೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಯಾರ ಬೆನ್ನಿಗೆ ಯಾರಿದ್ದಾರೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ನಮ್ಮ ಮನೆಗೆ ಬಂದವರು ಶಾಲು, ಹಾರ ಹಿಡಿದೇ ಬಂದಿದ್ದರು. ಟ್ರೋಫಿ ಎತ್ತಿ ಹಿಡಿದ ನನ್ನ ಹಳೆಯ ಫೋಟೊ ಒಂದನ್ನು ಕೇಳಿ ತೆಗೆದುಕೊಂಡು ಹೋದರು. ಮರುವಾರ ಅದು ಬಸ್ ನಿಲ್ದಾಣದಲ್ಲಿ ಆಳೆತ್ತರದ ಫ್ಲೆಕ್ಸ್ ಆಗಿ ನಿಂತಿತ್ತು. ವಾರ್ಡಿನಲ್ಲಿ ಸುಲಭವಾಗಿ ಗೆದ್ದೆ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿ ಬಂತು, ಅದೂ ನನಗೇ ಒಲಿಯಿತು.

ಈಗ ನನ್ನ ತಪ್ಪಿನ ಮಾತು. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಅರ್ಧಂಬರ್ಧ ಹೇಳಿದರೆ 'ಪಾಪ, ನಂಬಿ ಮೋಸ ಹೋದಳು' ಎಂದು ನೀವು ಓದಿಕೊಳ್ಳುತ್ತೀರಿ. ಅದು ನಿಜವಲ್ಲ.

ನಮ್ಮ ಭಾಗದ ಹಳ್ಳಿಗಳಿಗೆ ಕುಡಿಯುವ ನೀರಿನ ಕೆರೆಯೇ ಜೀವ. ಕಾಲುವೆಯಲ್ಲಿ ನೀರು ಹರಿಯುವಾಗ ಅದನ್ನು ತುಂಬಿಸಿಕೊಳ್ಳಬೇಕು. ಬೇಸಿಗೆಗೆ ಕಾಲುವೆ ನಿಂತ ಮೇಲೆ ಆ ಕೆರೆಯ ನೀರೇ ಗತಿ. ಕೊಳವೆಬಾವಿ ಕೊರೆಸಬಹುದಲ್ಲ ಎನ್ನಬೇಡಿ, ಈ ಜಿಲ್ಲೆಯ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ನಮ್ಮ ಪಂಚಾಯಿತಿಗೆ ಸೇರಿದ ತಾಂಡಾದ ಕೆರೆಗೆ ನೀರೆತ್ತುವ ಪಂಪು ಕೆಟ್ಟಿತ್ತು, ಪೈಪು ಒಡೆದಿತ್ತು. ಆ ವರ್ಷದ ಕ್ರಿಯಾ ಯೋಜನೆಯಲ್ಲಿ, ಅಂದರೆ ವರ್ಷದ ಕಾಮಗಾರಿಗಳ ಪಟ್ಟಿಯಲ್ಲಿ, ಅದರ ದುರಸ್ತಿಯನ್ನು ಸೇರಿಸುವುದು ಎಂದು ಮಾತಾಗಿತ್ತು. ಹಣವೂ ಇತ್ತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ, ಅಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚಾಗಬೇಕಿತ್ತು. ಉಳಿದ ಶೇ 40ರಷ್ಟನ್ನು ಮಾತ್ರ ಪಂಚಾಯಿತಿ ತನ್ನ ಇತರ ಅಗತ್ಯಗಳಿಗೆ ಹಂಚಿಕೊಳ್ಳಬಹುದಿತ್ತು. ನಿರ್ಬಂಧಿತ ಹಣದೊಳಗೂ ನೀರಿನದು ಒಂದು ಪಾಲು, ಚರಂಡಿ, ಶೌಚಾಲಯದ್ದು ಇನ್ನೊಂದು ಪಾಲು. ಯಾವ ಓಣಿಗೆ ಎಷ್ಟು ಎಂಬುದು ತೀರ್ಮಾನವಾಗುವುದು ಸಾಮಾನ್ಯ ಸಭೆಯ ಆ ಒಂದೆರಡು ಗಂಟೆಗಳಲ್ಲಿ.

ಆ ವರ್ಷದ ಆ ಸಭೆಯ ದಿನವೇ ರಾಯಚೂರಿನಲ್ಲಿ ಶಾಲಾ ಮಕ್ಕಳ ಕ್ರೀಡಾಕೂಟ. ನಾನು ಮುಖ್ಯ ಅತಿಥಿ. ಸಭೆ ತಡವಾಗಿ ಶುರುವಾಯಿತು, ಕೋರಂಗೆ ಬೇಕಾದಷ್ಟು ಸದಸ್ಯರು ಸೇರುವ ಹೊತ್ತಿಗೆ ನನ್ನನ್ನು ಕರೆದೊಯ್ಯಲು ಕಾರು ಬಂದು ನಿಂತಿತ್ತು. ಹಿರಿಯ ಸದಸ್ಯರೊಬ್ಬರು, 'ನೀನು ಹೋಗಿ ಬಾ ತಂಗಿ, ಮಕ್ಕಳು ಬಿಸಿಲಲ್ಲಿ ಕಾಯುತ್ತಿರುತ್ತಾರೆ. ಇಲ್ಲಿಯದನ್ನು ನಾವು ನೋಡಿಕೊಳ್ಳುತ್ತೇವೆ' ಎಂದರು. ಸಭೆಯ ತೀರ್ಮಾನಗಳನ್ನು ಬರೆಯುವ ನಡಾವಳಿ ಪುಸ್ತಕವನ್ನು ನನ್ನ ಮುಂದಿಟ್ಟರು. ಕೆಂಪು ಬಟ್ಟೆಯ ಬೈಂಡಿನ ಉದ್ದನೆಯ ಪುಸ್ತಕ. ಮೇಲೆ ದಿನಾಂಕ, ಹಾಜರಿದ್ದವರ ಹೆಸರು, ವಿಷಯ ಸಂಖ್ಯೆ ಒಂದು ಎಂದು ಬರೆದಿತ್ತು. ಅದರ ಕೆಳಗೆ ಪುಟವಿಡೀ ಖಾಲಿ. ಆ ಖಾಲಿ ಪುಟದ ಬುಡದಲ್ಲಿ ಸಹಿ ಮಾಡಿ, ಮೊಹರು ಒತ್ತಿ ಎದ್ದು ಹೋದೆ.

ಆಮೇಲೆ ಆ ಪುಟದಲ್ಲಿ ಏನು ತುಂಬಿತು ಎಂಬುದನ್ನು ನೀವೇ ಊಹಿಸಬಹುದು. ಚರಂಡಿ ದೊಡ್ಡ ಊರಿನ ಮುಖ್ಯ ಓಣಿಗೆ ಹೋಯಿತು, ನೀರಿನ ಪಾಲೂ ಅಲ್ಲಿಗೇ ಹೋಯಿತು. ತಾಂಡಾದ ಪಂಪು ಪಟ್ಟಿಯಲ್ಲೇ ಇರಲಿಲ್ಲ. ಗೊತ್ತಾಗುವ ಹೊತ್ತಿಗೆ ಮಂಜೂರಾತಿ ಆಗಿತ್ತು. ಬದಲಿಸಬೇಕೆಂದರೆ ಮತ್ತೆ ಸಭೆ, ಮತ್ತೆ ಠರಾವು, ಮತ್ತೆ ಮೇಲಿನವರ ಒಪ್ಪಿಗೆ. ಅಷ್ಟರಲ್ಲಿ ಕಾಲುವೆ ನಿಂತಿತು. ಅರ್ಧ ತುಂಬಿದ ಕೆರೆ ಬೇಸಿಗೆಯ ನಡುವೆಯೇ ತಳ ಕಂಡಿತು. ಟ್ಯಾಂಕರ್ ಬಂದ ದಿನ ಬಂತು, ಬಾರದ ದಿನ ಜನ ಕೊಳವೆಬಾವಿಯ ಆ ಸವಳು ನೀರನ್ನೇ ಕುಡಿದರು.

ನನ್ನ ತಪ್ಪು ಆ ಹಿರಿಯರನ್ನು ನಂಬಿದ್ದಲ್ಲ. ಓದಲು ಬಾರದೆ ಆದದ್ದೂ ಅಲ್ಲ, ನಾನು ಪದವೀಧರೆ. ನಿಮ್ಮ ತಂದೆಯವರಿಗೆ ಈ ಮಾತನ್ನು ದಯವಿಟ್ಟು ತಿಳಿಸಿ. ಹೆಣ್ಣುಮಗಳೆಂದು ನನ್ನನ್ನು ಬದಿಗಿಟ್ಟರು ಎಂದೂ ನಾನು ಹೇಳುವುದಿಲ್ಲ, ಕುರ್ಚಿಯಲ್ಲಿ ಕೂರಿಸಿಯೇ ಪುಸ್ತಕ ಮುಂದಿಟ್ಟಿದ್ದರು. ತಪ್ಪು ಏನೆಂದರೆ, ರಾಯಚೂರಿನ ಕ್ರೀಡಾಂಗಣದಲ್ಲಿ ದೀಪ ಹಚ್ಚುವುದೇ ನನ್ನ ಕೆಲಸ, ಪಂಚಾಯಿತಿಯ ಸಭೆ ಅದರ ನಡುವೆ ಬರುವ ಅಡಚಣೆ ಎಂದು ನಾನು ಮನಸಾರೆ ನಂಬಿದ್ದೆ. ಊರು ನನ್ನನ್ನು ಆರಿಸಿದ್ದು ನನ್ನ ಹೆಸರಿಗಾಗಿ, ಆದ್ದರಿಂದ ಆ ಹೆಸರನ್ನು ನಾಲ್ಕು ಕಡೆ ಬೆಳಗಿಸಿದರೆ ಊರಿನ ಋಣ ತೀರಿತು ಎಂದುಕೊಂಡಿದ್ದೆ. ಇದಕ್ಕೆ ಆಟದ ಅಭ್ಯಾಸವೂ ಸೇರಿತ್ತು. ಖೋ ಖೋದಲ್ಲಿ ಎಂಟು ಜನ ಸಾಲಾಗಿ ಕುಳಿತಿರುತ್ತಾರೆ, ಒಬ್ಬಳು ಅಟ್ಟುತ್ತಾಳೆ. ಬೆನ್ನು ತಟ್ಟಿ 'ಖೋ' ಎಂದ ಮೇಲೆ ಮುಂದಿನದು ಎದ್ದವಳ ಪಾಲಿನದು, ತಟ್ಟಿದವಳು ಅವಳ ಜಾಗದಲ್ಲಿ ಕುಳಿತುಬಿಡಬೇಕು. ಪಂಚಾಯಿತಿಯಲ್ಲೂ ನಾನು ಹಾಗೆಯೇ ಕುಳಿತುಬಿಟ್ಟೆ. ಅಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಅವನದೇ ಓಣಿ, ಅವನದೇ ಗುತ್ತಿಗೆದಾರ, ಅವನದೇ ಮುಂದಿನ ಚುನಾವಣೆ ಇರುತ್ತದೆ. ಅದು ಅವರ ದ್ರೋಹವಲ್ಲ, ಆ ಸಭೆಯ ಸ್ವಭಾವವೇ ಹಾಗೆ. ತಾಂಡಾದ ಪರವಾಗಿ ಕೂಗಬೇಕಾಗಿದ್ದವಳು ನಾನು. ನಾನು ಅಲ್ಲಿರಲಿಲ್ಲ.

ತಾಂಡಾದ ಹೆಂಗಸರು ಖಾಲಿ ಕೊಡ ಹಿಡಿದು ಕಚೇರಿಯ ಮುಂದೆ ಕುಳಿತ ದಿನ ಒಬ್ಬ ಅಜ್ಜಿ ನನಗೆ ಹೇಳಿದರು: 'ನಿನ್ನ ಆಟ ನೋಡಲು ನಾವು ಟ್ರ್ಯಾಕ್ಟರ್ ಕಟ್ಟಿಕೊಂಡು ಮಾನ್ವಿಯವರೆಗೆ ಬಂದಿದ್ದೆವು ತಾಯಿ. ನಮ್ಮ ನೀರಿಗೆ ನೀನು ತಾಂಡಾದವರೆಗೂ ಬರಲಿಲ್ಲ.' ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ವರ್ಷ ಆ ಪಂಪು ದುರಸ್ತಿಯಾಯಿತು, ಆ ಠರಾವನ್ನು ಒಂದೊಂದು ಸಾಲೂ ಓದಿಸಿ, ನಾನೇ ಮುಂದೆ ನಿಂತು ಮಾಡಿಸಿದೆ. ಆದರೆ ಆ ಬೇಸಿಗೆಯಿಂದ ತಾಂಡಾದ ಹುಡುಗಿಯರು ನನ್ನ ಬಳಿ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದರು. ಅವರಲ್ಲಿ ಒಬ್ಬಳಂತೂ ನನಗಿಂತ ಚೆನ್ನಾಗಿ ಕಂಬ ಸುತ್ತುತ್ತಿದ್ದಳು. ಅಧಿಕಾರ ಹೋದದ್ದಕ್ಕೆ ನನಗೆ ದುಃಖವಿಲ್ಲ, ಆ ಹುಡುಗಿ ಕೈತಪ್ಪಿದ್ದಕ್ಕೆ ಇಂದಿಗೂ ಇದೆ.

ಇನ್ನು ನಿಮ್ಮ ಪ್ರಶ್ನೆಗೆ. ನೇರವಾಗಿ ಹೇಳಬೇಕೆಂದರೆ ನೀವು ಚಿಂತಿಸಬೇಕಾದದ್ದು ಅರ್ಹತೆಯ ಬಗ್ಗೆ ಅಲ್ಲ. ಪಂಚಾಯಿತಿಗೆ ನಿಲ್ಲಲು 21 ವರ್ಷ, ವಿಧಾನಸಭೆಗೂ ಲೋಕಸಭೆಗೂ 25 ವರ್ಷ ತುಂಬಿರಬೇಕು. ಹರಿಯಾಣದಲ್ಲಿ ಪಂಚಾಯಿತಿಗೆ ನಿಲ್ಲುವವರು ಇಷ್ಟು ಓದಿರಲೇಬೇಕು ಎಂದು 2015ರಲ್ಲಿ ಕಾನೂನು ಮಾಡಿದರು, ನಮ್ಮಲ್ಲಿ ಅಂಥ ನಿಯಮವಿಲ್ಲ, ಇರಲೂಬಾರದು. ಮರಳಿನ ಹಣದಿಂದ ನಿಲ್ಲುವವನನ್ನು, ಅಪ್ಪನ ಜಾಗಕ್ಕೆ ನಿಲ್ಲುವವನನ್ನು ಯಾರೂ ನಿನಗೇನು ಅರ್ಹತೆ ಎಂದು ಕೇಳುವುದಿಲ್ಲ. ಮೈ ಬಗ್ಗಿಸಿ ಬೆವರು ಸುರಿಸಿ ಹೆಸರು ಗಳಿಸಿದವರನ್ನು ಮಾತ್ರ ಯಾಕೆ ಕೇಳಬೇಕು?

ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಅವರು ನಿಮ್ಮನ್ನೇ ಯಾಕೆ ಕರೆಯುತ್ತಿದ್ದಾರೆ? ನಿಮ್ಮ ಹೆಸರಿಗಾಗಿ ಎಂದು ನೀವು ಅಂದುಕೊಂಡಿದ್ದೀರಿ. ಹೆಸರು ಅರ್ಧ ಕಾರಣ. ಇನ್ನರ್ಧ, ನಿಮಗೆ ಆ ಕೆಲಸ ಗೊತ್ತಿಲ್ಲ ಎಂಬುದು. ಜಾತ್ರೆಯ ಕಣದಲ್ಲಿ ಬೆಳ್ಳಿ ಕಡಗ ಗೆದ್ದವನ ಮುಖ ಬೇಕು, ಕಡತದ ಒಳಗೆ ಇಣುಕುವ ಕಣ್ಣು ಬೇಡ. ಇದು ಕಹಿ ಮಾತು, ಆದರೆ ನನ್ನ ಮುಂದೆ ಆ ಖಾಲಿ ಪುಟ ಇಟ್ಟವರಿಗೆ ನನ್ನ ಸಹಿಯೊಂದೇ ಸಾಕಾಗಿತ್ತು.

ಹೆಸರಿನಿಂದ ಮತ ಬರುತ್ತದೆ ಎಂಬುದೂ ಅರ್ಧ ಸತ್ಯವೇ. ನೀವು ಕುಸ್ತಿಯವರಾದ್ದರಿಂದ ಕುಸ್ತಿಯವರ ಮಾತನ್ನೇ ಹೇಳುತ್ತೇನೆ. ಯೋಗೇಶ್ವರ್ ದತ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು. ಹರಿಯಾಣದ ಬರೋದಾ ಕ್ಷೇತ್ರದಲ್ಲಿ 2019ರಲ್ಲಿ ಸೋತರು, 2020ರ ಉಪಚುನಾವಣೆಯಲ್ಲಿ ಮತ್ತೆ ಸೋತರು. ವಿನೇಶ್ ಫೋಗಟ್ 2024ರ ಪ್ಯಾರಿಸ್‌ನಲ್ಲಿ ನೂರು ಗ್ರಾಂ ಹೆಚ್ಚು ತೂಕಕ್ಕೆ ಫೈನಲ್‌ನಿಂದ ಅನರ್ಹರಾಗಿ ಪದಕವಿಲ್ಲದೆ ಮರಳಿದರು, ಅದೇ ವರ್ಷ ಅಕ್ಟೋಬರ್‌ನಲ್ಲಿ ಹರಿಯಾಣದ ಜುಲಾನಾದಿಂದ ಶಾಸಕಿಯಾದರು. ಒಲಿಂಪಿಕ್ ಪದಕವಿದ್ದವರು ಸೋತರು, ಇಲ್ಲದವರು ಗೆದ್ದರು. ವಿನೇಶ್ 2023ರಲ್ಲಿ ದೆಹಲಿಯ ಜಂತರ್ ಮಂತರ್‌ನ ರಸ್ತೆಯಲ್ಲಿ ಕುಳಿತು ತಮ್ಮವರಿಗಾಗಿ ಹೋರಾಡಿದ್ದನ್ನು ಜನ ನೋಡಿದ್ದರು, ಅದೇ ಅವರನ್ನು ಗೆಲ್ಲಿಸಿತು ಎಂಬುದು ನನ್ನ ನಂಬಿಕೆ.

ಸಚಿನ್ ತೆಂಡೂಲ್ಕರ್ ಅವರಿಗಿಂತ ದೊಡ್ಡ ಹೆಸರು ಬೇಕೇ? 2012ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಹಾಜರಾತಿ ಕಡಿಮೆ ಎಂದು ಟೀಕೆ ಬಂತು. 2017ರ ಡಿಸೆಂಬರ್‌ನಲ್ಲಿ ಮಕ್ಕಳ ಆಟದ ಹಕ್ಕಿನ ಬಗ್ಗೆ ಮಾತನಾಡಲು ಎದ್ದು ನಿಂತರೆ ಸದನದ ಗದ್ದಲದಲ್ಲಿ ಒಂದು ಮಾತೂ ಆಡಲಾಗಲಿಲ್ಲ, ಕೊನೆಗೆ ಆ ಭಾಷಣವನ್ನು ಫೇಸ್‌ಬುಕ್‌ನಲ್ಲಿ ಹಾಕಿದರು. ಕ್ರೀಡಾಂಗಣವೆಲ್ಲ ಎದ್ದು ಚಪ್ಪಾಳೆ ಹೊಡೆಯುತ್ತಿದ್ದ ಮನುಷ್ಯ ಅವರು. ಅವರಿಗೇ ಹೀಗಾದರೆ ನಮ್ಮ ನಿಮ್ಮ ಪಾಡೇನು?

ಆದರೆ ಆಟಗಾರರಿಂದ ಆಗುವುದೇ ಇಲ್ಲ ಎನ್ನುವವರಿಗೆ ನಾನು ಜೈಪಾಲ್ ಸಿಂಗ್ ಅವರ ಹೆಸರು ಹೇಳುತ್ತೇನೆ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ನಮ್ಮ ಹಾಕಿ ತಂಡದ ನಾಯಕ, ಮುಂಡಾ ಸಮುದಾಯದವರು. ಸಂವಿಧಾನ ರಚನಾ ಸಭೆಯಲ್ಲಿ ಎದ್ದು ನಿಂತು ಆದಿವಾಸಿಗಳ ಪರವಾಗಿ ಮಾತನಾಡಿದವರು, 1952ರಿಂದ ಸಾಯುವವರೆಗೂ ಲೋಕಸಭೆಯಲ್ಲಿದ್ದವರು. ಆದರೆ ಅವರು ಹಾಕಿ ಸ್ಟಿಕ್ ಕೆಳಗಿಟ್ಟು ನೇರವಾಗಿ ಸದನಕ್ಕೆ ಬಂದವರಲ್ಲ. 1939ರಲ್ಲೇ ಆದಿವಾಸಿ ಮಹಾಸಭಾದ ಅಧ್ಯಕ್ಷರಾಗಿ ತಮ್ಮ ಜನರ ನಡುವೆ ವರ್ಷಗಟ್ಟಲೆ ದುಡಿದಿದ್ದರು. ಲೈಬೀರಿಯಾದ ಫುಟ್‌ಬಾಲ್ ಆಟಗಾರ ಜಾರ್ಜ್ ವೇಹ್ 2005ರಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಸೋತು, ಮತ್ತೆ ಓದಿ ಪದವಿ ಪಡೆದು, ಸೆನೆಟರ್ ಆಗಿ, 2017ರಲ್ಲಿ ಗೆದ್ದರು. 2023ರಲ್ಲಿ ಅದೇ ಜನ ಅವರನ್ನು ಸೋಲಿಸಿದರು. ಆರು ವರ್ಷದ ಆಡಳಿತ ನೋಡಿದ ಜನ ಫುಟ್‌ಬಾಲ್ ನೋಡಿ ಮತ ಹಾಕುವುದಿಲ್ಲ.

ನೀವು ಕೊಪ್ಪಳದವರು, ತುಂಗಭದ್ರಾ ಜಲಾಶಯ ನಿಮ್ಮ ಮನೆಯಂಗಳದಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ನೀವೆಲ್ಲಿದ್ದಿರಿ? ನೀರು ಪೋಲಾಗುವುದನ್ನು ನೋಡಲು ಊರೇ ಓಡಿತ್ತು. ಎರಡನೇ ಬೆಳೆಗೆ ಎಷ್ಟು ನೀರು, ಯಾವ ದಿನಾಂಕದವರೆಗೆ ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುವಾಗ ಅಲ್ಲಿ ಏನು ಮಾತಾಗುತ್ತದೆ ಎಂದು ವಿಚಾರಿಸಿದವರು ಎಷ್ಟು ಜನ? ನಿಮ್ಮ ಕ್ಷೇತ್ರದ ರೈತನ ಭತ್ತ ಒಣಗುವುದೂ ಉಳಿಯುವುದೂ ಆ ದಿನಾಂಕದ ಮೇಲೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಿಂದ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆಯೊಂದು ನಡೆಯುತ್ತಿದೆ, ಅಲ್ಲಿ ನಿಮ್ಮ ಕುಸ್ತಿಯೂ ಇದೆ. ತಯಾರಿ ಇಲ್ಲದೆ ಅಲ್ಲಿನ ಮಣ್ಣಾಗಲಿ ಮ್ಯಾಟಾಗಲಿ ನೀವು ತುಳಿಯುವುದಿಲ್ಲ. ಜಿಲ್ಲಾ ಪಂಚಾಯಿತಿಗೆ ಮಾತ್ರ ತಯಾರಿಯಿಲ್ಲದೆ ಹೋಗಲು ಯಾಕೆ ಒಪ್ಪುತ್ತೀರಿ?

ಆದ್ದರಿಂದ ನನ್ನ ಮಾತು: ಈ ಸಲ ನಿಲ್ಲಬೇಡಿ. 2016ರಲ್ಲಿ ಆರಿಸಿ ಬಂದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಇಷ್ಟು ಕಾದ ಊರು ನಿಮಗಾಗಿ ಇನ್ನೊಂದು ಅವಧಿ ಕಾಯುತ್ತದೆ. ಅಷ್ಟರಲ್ಲಿ ನಿಮ್ಮ ನೀರು ಬಳಕೆದಾರರ ಸಂಘದ ಸದಸ್ಯರಾಗಿ, ಪ್ರಾಥಮಿಕ ಕೃಷಿ ಪತ್ತಿನ ಸಂಘದ ಆಡಳಿತ ಮಂಡಳಿಗೆ ನಿಂತು ನೋಡಿ. ಗ್ರಾಮಸಭೆಗೆ ಹೋಗಿ ಕೊನೆಯವರೆಗೂ ಕುಳಿತುಕೊಳ್ಳಿ, ಫೋಟೊ ಮುಗಿದ ಮೇಲೆ ಎದ್ದು ಬರಬೇಡಿ. ಪಕ್ಷದವರು ಇನ್ನೊಮ್ಮೆ ಬಂದರೆ, ನಿಮ್ಮ ಕ್ಷೇತ್ರದ ಕಳೆದ ವರ್ಷದ ಕ್ರಿಯಾ ಯೋಜನೆಯ ಪ್ರತಿ ತಂದುಕೊಡಿ ಎಂದು ಕೇಳಿ. ತಂದುಕೊಟ್ಟು ಕುಳಿತು ವಿವರಿಸುವವರಾದರೆ ಅವರೊಡನೆ ಮಾತು ಮುಂದುವರಿಸಿ. ನಗುವವರಾದರೆ ಚಹಾ ಕೊಟ್ಟು ಕಳಿಸಿ.

ನಿಮ್ಮ ಪಂಚಾಯಿತಿಯ ಜಮಾಬಂದಿ (ವರ್ಷದ ಲೆಕ್ಕವನ್ನು ಜನರ ಮುಂದಿಡುವ ಸಭೆ) ಯಾವಾಗ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿಕೊಂಡು ತಪ್ಪದೆ ಹೋಗಿ. ಅಲ್ಲಿ ಓದಿದ ಲೆಕ್ಕದಲ್ಲಿ ಯಾವುದು ಅರ್ಥವಾಗಲಿಲ್ಲವೋ ಅದನ್ನು ಇಲ್ಲಿಯೇ ಕೆಳಗೆ ಬರೆಯಿರಿ, ಸಾಲು ಸಾಲಾಗಿ ನಾನು ಬಿಡಿಸಿ ಹೇಳುತ್ತೇನೆ.