ನಿನ್ನೆ ವಕರ್, ಸಂಜೆ ವಕರ್ಸ್

ಲಾಟ್ವಿಯಾದ ರಾಜಧಾನಿ ರೀಗಾಕ್ಕೆ ಓದಲು ಹೊರಟಿದ್ದೀರಿ, ಅಲ್ಲಿನ ಭಾಷೆ ಲಾಟ್ವಿಯನ್‌ನ ಬೆಳಿಗ್ಗೆ, ಸಂಜೆ, ನಿನ್ನೆ, ನಾಳೆ ಎಲ್ಲ ಕಲಸುಮೇಲೋಗರ ಆಗುತ್ತಿವೆ ಎಂದಿದ್ದೀರಿ. ಇಲ್ಲಿಗೆ ಬಂದ ಹೊಸದರಲ್ಲಿ ನನ್ನದೂ ಇದೇ ಪಾಡು.

ಮೂಲದಲ್ಲಿ ಇರುವುದು ನಾಲ್ಕೇ ಪದ. ರೀತ್ಸ್ ಬೆಳಿಗ್ಗೆ, ದಿಯೆನ ಹಗಲು, ವಕರ್ಸ್ ಸಂಜೆ, ನಕ್ತ್ಸ್ ರಾತ್ರಿ. ನಕ್ತ್ಸ್ ಮರೆಯುವ ಮಾತೇ ಇಲ್ಲ, ನಮ್ಮ ‘ನಕ್ತಂಚರ’ದಲ್ಲಿರುವ ಸಂಸ್ಕೃತದ ನಕ್ತಕ್ಕೆ ಅದು ದೂರದ ದಾಯಾದಿ. ಹಗಲು ರಾತ್ರಿ ಸೇರಿಸಿದರೆ ದಿಯೆನ್‌ನಕ್ತ್ಸ್, ಥೇಟ್ ನಮ್ಮ ಅಹೋರಾತ್ರಿ. ಔಷಧಿ ಅಂಗಡಿಯ ಬೋರ್ಡಿನಲ್ಲಿ ಆ ಪದ ಕಂಡರೆ 24 ಗಂಟೆಯೂ ತೆರೆದಿರುತ್ತದೆ ಎಂದರ್ಥ.

ಕಾಟ ಕೊಡುವುದು ಪದದ ಬಾಲ. ವಕರ್ಸ್ ಎಂಬುದರ ಕೊನೆಯ ‘ಸ್’ ನುಂಗಿದಿರೋ, ಸಂಜೆ ಹೋಗಿ ‘ನಿನ್ನೆ’ ಆಯಿತು. ರೀತ್ಸ್ ಬೆಳಿಗ್ಗೆ, ರೀತ್ ನಾಳೆ. ‘ಸಂಜೆ ಹೊತ್ತಿಗೆ’ ಎನ್ನಲು ವಕರಾ, ದೀರ್ಘ ಎಳೆಯಲೇಬೇಕು. ಹ್ರಸ್ವ ದೀರ್ಘ ಹೇಳಿಕೊಟ್ಟು ಬೆಳೆಸಿದ ನಮಗೆ ಅದೇನು ಮಹಾ! ಒಂಟಿ ಪದ ಉರು ಹೊಡೆಯಬೇಡಿ, ಜೋಡಿಯಾಗಿ ಕಲಿಯಿರಿ: ‘ವಕರ್ ವಕರಾ’ ನಿನ್ನೆ ಸಂಜೆ, ‘ರೀತ್ ನುವೊ ರೀತ’ ನಾಳೆ ಬೆಳಿಗ್ಗೆ. ನಾನು ಬಸ್ಸಿನಲ್ಲಿ ಕೂತು ಇವೆರಡನ್ನೇ ಗುನುಗುತ್ತಿದ್ದೆ. ಹಾಂ, ‘ಶುವೊವಕರ್’ ಕೇಳಿ ಮೋಸ ಹೋಗಬೇಡಿ, ಅದು ನಿನ್ನೆಯಲ್ಲ, ಇವತ್ತು ಸಂಜೆ. ಮೊನ್ನೆಗೆ ಐಜ್‌ವಕರ್, ನಾಡಿದ್ದಿಗೆ ಪರೀತ್. ನಮ್ಮಂತೆ ಒಂದೊಂದೇ ಪದ.

ಇನ್ನು ಗಡಿಯಾರ. ಬಾಡಿಗೆ ರೂಮು ತೋರಿಸುವವರು ಫೋನಿನಲ್ಲಿ ‘ಪುಸ್‌ದೆವಿಞುವೊಸ್’ ಬನ್ನಿ ಎಂದರು. ಪುಸ್ ಎಂದರೆ ಅರ್ಧ, ದೆವಿಞಿ ಒಂಬತ್ತು. ಒಂಬತ್ತೂವರೆ ತಾನೇ ಎಂದು ಇಸ್ತ್ರಿ ಅಂಗಿ ಹಾಕಿಕೊಂಡು, ಹತ್ತು ನಿಮಿಷ ಮೊದಲೇ ಹೋಗಿ ನಿಂತೆ. ಅವರು ಕಾದು ಕಾದು ಹೊರಟುಹೋಗಿದ್ದರು. ಇವರ ಲೆಕ್ಕದಲ್ಲಿ ಅದು ಒಂಬತ್ತರ ಕಡೆಗೆ ಅರ್ಧ ದಾರಿ, ಅಂದರೆ ಎಂಟೂವರೆ! ರೂಮು ಬೇರೆಯವರ ಪಾಲಾಯಿತು.

ನಮಸ್ಕಾರಗಳು ಸುಲಭ: ಲಬ್‌ರೀತ್, ಲಬ್‌ದಿಯೆನ್, ಲಬ್‌ವಕರ್. ಈ ಭಾಷೆಯಲ್ಲಿ ಸಾಮಾನ್ಯವಾಗಿ ಪದದ ಮೊದಲಲ್ಲೇ ಒತ್ತು ಬೀಳುತ್ತದೆ, ಆದರೆ ಈ ಮೂರರಲ್ಲಿ ‘ಲಬ್’ ಹಗುರ, ಮುಂದಿನದು ಜೋರು. ಯಾವುದನ್ನು ಯಾವಾಗ ಹೇಳುವುದು ಎಂಬುದಕ್ಕೆ ಗಡಿಯಾರಕ್ಕಿಂತ ಕಿಟಕಿ ನೋಡಿ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಒಮ್ಮೆ ನಾಲ್ಕೂವರೆಗೆ ಬ್ರೆಡ್ ಅಂಗಡಿಗೆ ಹೋಗಿ ಲಬ್‌ದಿಯೆನ್ ಎಂದೆ. ಕೌಂಟರಿನ ಅಜ್ಜಿ ಹೊರಗಿನ ಕತ್ತಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ನಿಧಾನಕ್ಕೆ ‘ಲಬ್‌ವಕರ್’ ಎಂದರು.