ಮತ್ತೆ ವಿದೇಶಕ್ಕೆ ಹೊರಡುವ ಮುನ್ನ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿರುವ ಈ ಪ್ರಕರಣದ ಮಹಿಳೆಯನ್ನು ‘ಸ’ ಎಂದು ಕರೆಯುತ್ತೇನೆ. ಪಶ್ಚಿಮ ಏಷ್ಯಾದ ದೇಶವೊಂದರಲ್ಲಿ 4 ವರ್ಷ ಮನೆಗೆಲಸ ಮಾಡಿ ಊರಿಗೆ ಮರಳಿದ್ದ ಅವರು, ಮತ್ತೊಂದು ಕರಾರಿಗೆ ಸಹಿ ಹಾಕಬೇಕೇ ಬೇಡವೇ ಎಂದು ಕೇಳಲು ಬಂದಿದ್ದರು. ಆದರೆ ಅವರ ಮಾತು ಕರಾರಿನಿಂದ ಶುರುವಾಗಲಿಲ್ಲ. “ಮಗಳು ಅಜ್ಜಿಯನ್ನೇ ಅಮ್ಮ ಅಂತಾಳೆ, ಮೇಡಂ. ನನ್ನನ್ನು ಏನೂ ಕರೆಯೋದಿಲ್ಲ” ಎಂದರು.

ಕೈಚೀಲದಿಂದ ಅವರು ತೆಗೆದ ಪ್ಲಾಸ್ಟಿಕ್ ಕವರಿನಲ್ಲಿ ಪ್ರತಿ ತಿಂಗಳು ಮನೆಗೆ ಹಣ ಕಳುಹಿಸಿದ ರಸೀದಿಗಳು ದಿನಾಂಕದ ಕ್ರಮದಲ್ಲಿ ಇದ್ದವು; ಪ್ರತಿಯೊಂದರ ಹಿಂಬದಿಯಲ್ಲಿ ‘ಫೀಸು’, ‘ಸಾಲದ ಕಂತು’, ‘ಅತ್ತೆಯ ಔಷಧಿ’ ಎಂದು ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಹಣವೆಲ್ಲ ಗಂಡನ ಖಾತೆಗೆ ಹೋಗಿತ್ತು. ಎಷ್ಟು ಉಳಿದಿದೆ ಎಂದು ಕೇಳಿದ್ದೀರಾ ಎಂದಾಗ, “ಮಗುವನ್ನು ಬಿಟ್ಟು ಹೋದವಳು ನಾನು, ಯಾವ ಬಾಯಲ್ಲಿ ಲೆಕ್ಕ ಕೇಳಲಿ?” ಎಂದರು. ಈ ಪ್ರಕರಣದ ಗಂಟು ಇರುವುದು ಇಲ್ಲಿಯೇ ಎಂದು ನನಗೆ ಅನ್ನಿಸಿತು. ಗಂಡಸು ದುಡಿಯಲು ಹೊರದೇಶಕ್ಕೆ ಹೋದರೆ ಅದನ್ನು ಸಂಸಾರಕ್ಕಾಗಿ ಮಾಡಿದ ತ್ಯಾಗವೆಂದು ಕಾಣುವ ಮನೆಯೇ, ಹೆಂಗಸು ಹೋದಾಗ ತಾಯ್ತನಕ್ಕೆ ಬಗೆದ ದ್ರೋಹವೆಂದು ಕಾಣುತ್ತದೆ. ಆ ಅಪರಾಧ ಭಾವದ ಭಾರದಲ್ಲಿ ಅವಳು ತನ್ನ ಸಂಪಾದನೆಯ ಮೇಲಿನ ಹಕ್ಕನ್ನೂ ಬಿಟ್ಟುಕೊಡುತ್ತಾಳೆ. ನಾಲ್ಕೂ ವರ್ಷ ಅಲ್ಲಿ ಇನ್ನೊಬ್ಬರ ಮಗುವಿಗೆ ಊಟ ಮಾಡಿಸಿ ಮಲಗಿಸಿದ ‘ಸ’ ಅವರಿಗೆ, ತಮ್ಮ ಮಗಳೊಂದಿಗೆ ಮಾತನಾಡಲು ರಾತ್ರಿ ಅರ್ಧ ಗಂಟೆ ಮಾತ್ರ ಫೋನ್ ಸಿಗುತ್ತಿತ್ತು.

ಮಗಳ ವಿಷಯವನ್ನು ಮೊದಲು ಎತ್ತಿಕೊಂಡೆವು. ಅಮ್ಮ ಎಂದು ಕರೆಯುವಂತೆ ಒತ್ತಾಯಿಸಬಾರದು, ಅಜ್ಜಿಯೊಂದಿಗೆ ಪೈಪೋಟಿಗೆ ಇಳಿಯಬಾರದು ಎಂದು ಹೇಳಿದೆ. ಸಾಕಿದವರನ್ನು ಹಚ್ಚಿಕೊಳ್ಳುವುದು ಮಗುವಿನ ಆರೋಗ್ಯದ ಲಕ್ಷಣ, ಅದು ತಾಯಿಯ ತಿರಸ್ಕಾರವಲ್ಲ. ದಿನವೂ ಒಂದೇ ಹೊತ್ತಿನಲ್ಲಿ ತಲೆ ಬಾಚುವಂಥ ಒಂದು ಸಣ್ಣ ಕೆಲಸವನ್ನು ಮಾತ್ರ ತಮ್ಮದಾಗಿ ಇಟ್ಟುಕೊಳ್ಳಲು ಸೂಚಿಸಿದೆ.

ಮುಂದಿನ ಭೇಟಿಗೆ ಗಂಡನೂ ಬಂದರು. “ಜನ ಏನೇನೋ ಮಾತಾಡ್ತಾರೆ” ಎಂಬುದು ಅವರ ದೂರು. ಜನರ ಮಾತಿಗೂ ಬ್ಯಾಂಕಿನ ಲೆಕ್ಕಕ್ಕೂ ಸಂಬಂಧವಿಲ್ಲವೆಂದು ವಿವರಿಸಿ, ರಸೀದಿಗಳನ್ನೂ ಪಾಸ್‌ಬುಕ್ಕನ್ನೂ ಪಕ್ಕಪಕ್ಕದಲ್ಲಿ ಇಟ್ಟು ಇಬ್ಬರೂ ಒಟ್ಟಿಗೆ ನೋಡುವಂತೆ ಮಾಡಿದೆ. ಹೋಗುವುದಾದರೂ ಉಳಿಯುವುದಾದರೂ ‘ಸ’ ತಮ್ಮ ಹೆಸರಿನಲ್ಲೇ ಖಾತೆ ತೆರೆಯಬೇಕು, ಸಂಬಳ ಅಲ್ಲಿಗೇ ಬರಬೇಕು, ಮನೆಖರ್ಚಿಗೆ ನಿಗದಿಯಾದ ಮೊತ್ತ ಅಲ್ಲಿಂದ ಹೋಗಬೇಕು ಎಂಬ ಸಲಹೆಯಲ್ಲಿ ನಾನು ಯಾವ ರಾಜಿಗೂ ಒಪ್ಪಲಿಲ್ಲ.

ಕರಾರಿನ ಮಾತು ಕೊನೆಗೆ ಬಂತು. ಹಿಂದಿನ ಮನೆಯಲ್ಲಿ ಪಾಸ್‌ಪೋರ್ಟ್ ಯಜಮಾನರ ಕೈಯಲ್ಲಿತ್ತು, ವಾರದ ರಜೆ ಇರಲಿಲ್ಲ, ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇರಲಿಲ್ಲ. ಹಲವು ರಾತ್ರಿ ಅವರು ಬಾಗಿಲಿಗೆ ಪೆಟ್ಟಿಗೆ ಅಡ್ಡವಿಟ್ಟು ಮಲಗಿದ್ದರು. ಇದನ್ನು ತಮ್ಮ ಹಣೆಬರಹವೆಂದು ಅವರು ನಂಬಿದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ, 2013ರಲ್ಲಿ ಜಾರಿಗೆ ಬಂದ 189ನೆಯ ಒಡಂಬಡಿಕೆಯ ಪ್ರಕಾರ ಮನೆಗೆಲಸದವರು ತಮ್ಮ ಗುರುತಿನ ಪತ್ರಗಳನ್ನು ತಾವೇ ಇಟ್ಟುಕೊಳ್ಳಬಹುದು, ವಾರಕ್ಕೆ ಸತತ 24 ಗಂಟೆಗಳ ಬಿಡುವು ಅವರ ಹಕ್ಕು ಎಂದು ತಿಳಿಸಿದೆ. ಅದರ ಜೊತೆಗಿನ 201ನೆಯ ಶಿಫಾರಸು ಬೀಗವಿರುವ ಪ್ರತ್ಯೇಕ ಕೋಣೆಯನ್ನೂ, ಅದರ ಕೀಲಿಯನ್ನು ಕೆಲಸದವರಿಗೇ ಕೊಡಬೇಕೆಂಬುದನ್ನೂ ಹೇಳುತ್ತದೆ ಎಂದಾಗ ಅವರು ಆ ಸಾಲನ್ನು ಮತ್ತೊಮ್ಮೆ ಓದಿಸಿಕೊಂಡರು. ಆದರೆ ಒಡಂಬಡಿಕೆ ಅನ್ವಯಿಸುವುದು ಅದನ್ನು ಅನುಮೋದಿಸಿದ ದೇಶಗಳಿಗೆ ಮಾತ್ರ. ವೀಸಾವನ್ನು ಒಬ್ಬ ಯಜಮಾನನಿಗೇ ಕಟ್ಟಿಹಾಕುವ ಕಫಾಲಾ ಪದ್ಧತಿ ಇರುವಲ್ಲಿ, ಮನೆ ಬಿಟ್ಟು ಹೊರಬಂದವಳನ್ನೇ ಓಡಿಹೋದವಳೆಂದು ದಾಖಲಿಸುವ ಅಪಾಯವೂ ಉಂಟು. ಆದ್ದರಿಂದ ಸಂಬಳ, ರಜೆ, ಕೋಣೆ, ಫೋನು ಈ ನಾಲ್ಕೂ ತಮಗೆ ಓದಲು ಬರುವ ಭಾಷೆಯಲ್ಲಿ ಬರವಣಿಗೆಯಾಗಿ ಕೈಸೇರುವವರೆಗೆ ಸಹಿ ಹಾಕಬೇಡಿ, ಪಾಸ್‌ಪೋರ್ಟಿನ ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಿ, ರಾಯಭಾರ ಕಚೇರಿಯ ಸಂಖ್ಯೆಯನ್ನು ಫೋನಿನಲ್ಲಷ್ಟೇ ಅಲ್ಲದೆ ಕಾಗದದಲ್ಲೂ ಬರೆದಿಟ್ಟುಕೊಳ್ಳಿ ಎಂದೆ.

ಏಜೆಂಟರು ಬಾಯಿಮಾತಿನ ಭರವಸೆಯನ್ನಷ್ಟೇ ಕೊಟ್ಟಿದ್ದರಿಂದ ‘ಸ’ ಸದ್ಯಕ್ಕೆ ಸಹಿ ಹಾಕಿಲ್ಲ. ಖಾತೆಯನ್ನು ಮಾತ್ರ ತೆರೆದಿದ್ದಾರೆ.