ದೋಣಿಕಟ್ಟೆ: ಗ್ರೀಸ್ ಹೊಡೆದರೂ ಸ್ಟೇರಿಂಗ್ ತಿರುಗದಿದ್ದರೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನವು. ಮಳೆಗಾಲ ಮುಗಿಸಿ ದೋಣಿಯ ಟರ್ಪಾಲು ತೆಗೆದರೆ ಸ್ಟೇರಿಂಗ್ ಅಲ್ಲಾಡುತ್ತಿಲ್ಲ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ. ಬ್ಯಾಟರಿ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಗೆ ಕಾಯಬೇಕು.

ಪ್ರಶ್ನೆ: ನಮ್ಮದು ಕೋಡಿಬೆಂಗ್ರೆಯಲ್ಲಿ ಹೋಮ್‌ಸ್ಟೇ. ಅತಿಥಿಗಳನ್ನು ಹೊಳೆಯಲ್ಲಿ ಸುತ್ತಾಡಿಸಲು 18 ಅಡಿಯ ಫೈಬರ್ ದೋಣಿ, ಅದರ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಉಂಟು. ಮೇ ಕೊನೆಗೆ ಮೇಲೆ ಎಳೆದು ಶೆಡ್ಡಿನಲ್ಲಿ ಇಟ್ಟದ್ದು. ಈಗ ಸ್ಟೇರಿಂಗ್ ಎರಡು ಕೈ ಹಾಕಿದರೂ ತಿರುಗುವುದಿಲ್ಲ. ಗ್ರೀಸ್ ತುಂಬಲು ಇರುವ ಸಣ್ಣ ಮೂತಿಗೆ, ಅಂದರೆ ನಿಪ್ಪಲ್‌ಗೆ, ಗ್ರೀಸ್ ಗನ್ ಇಟ್ಟು ಚೆನ್ನಾಗಿ ಹೊಡೆದೆ, ಏನೂ ಪ್ರಯೋಜನ ಆಗಲಿಲ್ಲ. ಗೊತ್ತಿದ್ದವರೊಬ್ಬರು ಸ್ಟೇರಿಂಗಿನಿಂದ ಎಂಜಿನ್ನಿಗೆ ಹೋಗುವ ಕೇಬಲೇ ಬದಲಿಸಬೇಕು ಅಂದರು. ಮನೆಯಲ್ಲೇ ಸರಿ ಮಾಡಬಹುದಾ ಅಣ್ಣ?

ಉತ್ತರ: ಕೇಬಲ್ ತರಲಿಕ್ಕೆ ಈಗಲೇ ಹೋಗಬೇಡಿ ಮಾರಾಯ್ರೆ. ಗ್ರೀಸ್ ಗನ್ನನ್ನೂ ಪಕ್ಕಕ್ಕಿಡಿ.

ಮಲ್ಪೆಯಲ್ಲಿ 31 ವರ್ಷ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಜೋಡಿಸಿದವನು ನಾನು. ಈಗ ಶೆಡ್ಡು ಮಗನ ಕೈಯಲ್ಲಿದೆ. ಇಷ್ಟು ವರ್ಷದಲ್ಲಿ 'ಕೇಬಲ್ ಹೋಯ್ತು' ಅಂತ ಬಂದ ದೋಣಿಗಳಲ್ಲಿ ಎಷ್ಟೋ ದೋಣಿಗಳ ಕೇಬಲ್ ಚೆನ್ನಾಗಿಯೇ ಇತ್ತು. ಸಿಕ್ಕಿಬಿದ್ದದ್ದು ಬೇರೆ ಕಡೆ.

'ಕೇಬಲ್‌ಗೆ ಗ್ರೀಸ್ ಹಾಕುವುದು' ಅಂತ ನಾವೆಲ್ಲ ಹೇಳುತ್ತೇವಲ್ಲ, ಆ ಮಾತೇ ದಾರಿ ತಪ್ಪಿಸುತ್ತದೆ. ಕರಿ ಪ್ಲಾಸ್ಟಿಕ್ ಹೊದಿಕೆಯ ಒಳಗಿನ ತಂತಿಗೆ ಬೇಕಾದ ಗ್ರೀಸನ್ನು ಫ್ಯಾಕ್ಟರಿಯಲ್ಲೇ ತುಂಬಿ ಮುಚ್ಚಿರುತ್ತಾರೆ. ಅಲ್ಲಿಗೆ ನಾವು ಏನೂ ಹಾಕುವ ಹಾಗಿಲ್ಲ. ನಮ್ಮ ಗ್ರೀಸ್ ಹೋಗುವುದು ಟಿಲ್ಟ್ ಟ್ಯೂಬಿಗೆ. ಎಂಜಿನ್ನನ್ನು ಮೇಲೆ ಎತ್ತುವಾಗ ಅದು ಒಂದು ಅಡ್ಡ ಕೊಳವೆಯ ಸುತ್ತ ತಿರುಗುತ್ತದೆ, ಅದೇ ಟಿಲ್ಟ್ ಟ್ಯೂಬ್. ಕೇಬಲ್ಲಿನ ತುದಿಯಲ್ಲಿ ಹೆಬ್ಬೆರಳು ದಪ್ಪದ, ಅಂದರೆ 16 ಮಿಲಿಮೀಟರ್ ಹತ್ತಿರದ ಸ್ಟೀಲ್ ರಾಡ್ ಇರುತ್ತದೆ. ನೀವು ಸ್ಟೇರಿಂಗ್ ತಿರುಗಿಸಿದಾಗ ಆ ರಾಡ್ ಈ ಕೊಳವೆಯೊಳಗೆ ಹಿಂದೆ ಮುಂದೆ ಜಾರುತ್ತದೆ, ಲಿಂಕ್ ಕಡ್ಡಿಯ ಮೂಲಕ ಎಂಜಿನ್ನನ್ನು ಆಚೆ ಈಚೆ ತಳ್ಳುತ್ತದೆ.

ನಿಮ್ಮ ದೋಣಿ ಮೂರು ತಿಂಗಳು ಕದಲದೆ ಕೂತಿತು. ಕೊಳವೆಯೊಳಗೆ ಹಳೆ ಗ್ರೀಸ್, ಅದರ ಜೊತೆ ಬೇಸಿಗೆಯಲ್ಲಿ ಸೇರಿದ ಉಪ್ಪುನೀರು. ಗ್ರೀಸಿನ ಎಣ್ಣೆ ಅಂಶ ಬಿಟ್ಟುಹೋಗಿ ಉಳಿದದ್ದು ಗಟ್ಟಿಯಾಗುತ್ತದೆ. ಹಲಸಿನ ಮೇಣ ಕತ್ತಿಗೆ ಹಿಡಿದು ನಾಲ್ಕು ದಿನ ಬಿಟ್ಟರೆ ಹೇಗಿರುತ್ತದೆ, ಹಾಗೆ. ಅದರ ಮೇಲೆ ಹೊಸ ಗ್ರೀಸ್ ಒತ್ತಿದರೆ ಅದಕ್ಕೆ ಹೋಗಲು ದಾರಿಯೇ ಇಲ್ಲ. ಹಳೆಯದು ಹೊರಗೆ ಬರದೆ ಹೊಸದರಿಂದ ಉಪಯೋಗ ಇಲ್ಲ.

ಮೊದಲು ತಪ್ಪು ಎಲ್ಲಿದೆ ಅಂತ ಹಿಡಿಯಿರಿ. ಎಂಜಿನ್ ಕೆಳಗೆ ಇಳಿಸಿ. ಲಿಂಕ್ ಕಡ್ಡಿ ಎಂಜಿನ್ನಿಗೆ ಸೇರುವ ಕಡೆಯ ನಟ್ಟು ಬಿಚ್ಚಿ, ಕಡ್ಡಿ ಬಿಡಿಸಿ. ಈಗ ಎಂಜಿನ್ನನ್ನೇ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ. ಅದೇ ಬಿಗಿ ಇದ್ದರೆ ಕೇಬಲ್ ಪಾಪ, ಅದರ ತಪ್ಪಿಲ್ಲ. ಎಂಜಿನ್ ತಿರುಗುವ ಸ್ವಿವೆಲ್ ಜಾಗ ಒಣಗಿದೆ. ಅಲ್ಲಿಯ ನಿಪ್ಪಲ್‌ಗಳಿಗೆ ಗ್ರೀಸ್ ಕೊಡಿ, ಕೈಯಲ್ಲಿ ಆಡಿಸುತ್ತಾ ಮತ್ತೆ ಕೊಡಿ. ಕಂದು ಬಣ್ಣದ ಹಳೆಯದು ಹೊರಗೆ ಬಂದು ಹೊಸದು ಕಾಣುವವರೆಗೆ.

ಎಂಜಿನ್ ಸಲೀಸಾಗಿ ತಿರುಗಿದರೆ ಟ್ಯೂಬಿಗೆ ಬನ್ನಿ. ಕೇಬಲ್ ಟ್ಯೂಬಿಗೆ ಹೋಗುವ ಕಡೆ ದೊಡ್ಡ ನಟ್ಟು ಒಂದು ಇರುತ್ತದೆ. ಅದನ್ನು ಬಿಚ್ಚಿ ರಾಡನ್ನು ಪೂರ್ತಿ ಹೊರಗೆ ಎಳೆಯಬೇಕು. ಹೇಳಲು ಒಂದು ವಾಕ್ಯ, ಮಾಡಲು ಒಂದೊಂದು ಸಲ ಎರಡು ದಿನ. ನಟ್ಟಿನ ಬುಡಕ್ಕೆ, ಟ್ಯೂಬಿನ ಎರಡೂ ಬಾಯಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮತ್ತೆ ಹೊಡೆಯಿರಿ. ಆಮೇಲೆ ರಾಡಿನ ತುದಿಗೆ ಮರದ ತುಂಡು ಕೊಟ್ಟು ಮೆಲ್ಲ ತಟ್ಟಿ. ಸುತ್ತಿಗೆಯಿಂದ ನೇರ ಹೊಡೆದರೆ ರಾಡಿನ ತುದಿ ಅಣಬೆಯ ಹಾಗೆ ಅರಳುತ್ತದೆ, ಮತ್ತೆ ಅದು ಟ್ಯೂಬಿನಿಂದ ಬರುವ ಮಾತೇ ಇಲ್ಲ. ಬೆಂಕಿ ತೋರಿಸುವವರೂ ಇದ್ದಾರೆ. ಪಕ್ಕದಲ್ಲೇ ಪೆಟ್ರೋಲ್ ಪೈಪು ಇರುವ ಜಾಗದಲ್ಲಿ ಅದೆಂಥ ಧೈರ್ಯವೋ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ರಾಡ್ ನೇರವಾಗಿ ಹೊರಗೆ ಬರಲು ಎಂಜಿನ್ ಪಕ್ಕ ಜಾಗ ಬೇಕು. ಕೆಲವು ಸಣ್ಣ ದೋಣಿಗಳಲ್ಲಿ ಫೈಬರ್ ಗೋಡೆ ಅಡ್ಡ ಬರುತ್ತದೆ. ಆಗ ಎಂಜಿನ್ನನ್ನೇ ಸ್ವಲ್ಪ ಎತ್ತಬೇಕಾಗುತ್ತದೆ. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಮೆಕ್ಯಾನಿಕ್ ಕರೆಯಿರಿ.

ರಾಡ್ ಹೊರಗೆ ಬಂತು ಅಂತಿಟ್ಟುಕೊಳ್ಳಿ. ಏನನ್ನೂ ಒರೆಸುವ ಮೊದಲು ಹೋಗಿ ಸ್ಟೇರಿಂಗ್ ತಿರುಗಿಸಿ. ಒಂದೇ ಕೈಯಲ್ಲಿ ಹಗುರಾಗಿ ತಿರುಗಿ ರಾಡ್ ಒಳಗೆ ಹೊರಗೆ ಓಡಾಡಿದರೆ ಕೇಬಲ್ ಚೆನ್ನಾಗಿದೆ, ದುಡ್ಡು ಉಳಿಯಿತು. ಈಗಲೂ ಬಿಗಿ ಇದ್ದರೆ ಕೇಬಲ್ಲೋ ಸ್ಟೇರಿಂಗ್ ಪೆಟ್ಟಿಗೆಯೋ ಹಾಳಾಗಿದೆ. ಆಗ ಗ್ರೀಸಿನಿಂದ ಏನೂ ಆಗುವುದಿಲ್ಲ.

ಟ್ಯೂಬ್ ತೊಳೆಯಲು ನಾನು ಬಾಟಲಿ ತೊಳೆಯುವ ಉದ್ದ ಬ್ರಷ್ ಇಟ್ಟುಕೊಂಡಿದ್ದೇನೆ. ಹಿತ್ತಾಳೆ ತಂತಿಯದು ಸಿಕ್ಕಿದರೆ ಇನ್ನೂ ಒಳ್ಳೆಯದು. ಚಿಮಿಣಿ ಎಣ್ಣೆಯಲ್ಲಿ ಅದ್ದಿ ಆಚೆಯಿಂದ ಈಚೆಗೆ ಎಳೆಯಿರಿ. ಚಿಮಿಣಿ ಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು, ಪೆಟ್ರೋಲ್ ಬೇಡ. ಕೆಳಗೆ ಹಳೆ ಡಬ್ಬಿ ಇಡಿ, ಹೊಳೆಗೆ ಬಿಡಬೇಡಿ. ಮೊದಲು ಬರುವುದು ಟಾರಿನ ಹಾಗೆ ಕಪ್ಪು. ಆಮೇಲೆ ಇಟ್ಟಿಗೆ ಬಣ್ಣ, ಅದು ತುಕ್ಕು. ಕೊನೆಗೆ ಕೋಲಿಗೆ ಹಳೆ ಲುಂಗಿಯ ಚೂರು ಸುತ್ತಿ ಎಳೆದಾಗ ಬಟ್ಟೆ ಬಣ್ಣ ಬದಲಾಗದೆ ಬರಬೇಕು. ಟಾರ್ಚ್ ಹಿಡಿದು ಒಳಗೆ ನೋಡಿ. ರಾಡನ್ನೂ ಹಾಗೇ ಒರೆಸಿ. ಮರಳು ಕಾಗದ ಹಾಕಿ ಉಜ್ಜಬೇಡಿ, ಗೀರು ಬಿದ್ದ ಜಾಗದಲ್ಲೇ ಮತ್ತೆ ಉಪ್ಪು ಕೂರುತ್ತದೆ. ಉಗುರು ಆಡಿಸಿದರೆ ಸಿಕ್ಕುವಷ್ಟು ಗುಳಿ ಬಿದ್ದಿದ್ದರೆ ಕೇಬಲ್ ಬದಲಿಸುವುದೇ ಸರಿ.

ಆಮೇಲೆ ಮೆರೈನ್ ಗ್ರೀಸ್. ರಾಡಿಗೆ ತೆಳ್ಳಗೆ, ಟ್ಯೂಬಿನ ಒಳಗೆ ಬೆರಳಿನಿಂದ ಎರಡೂ ಕಡೆ. ರಾಡ್ ಸೇರಿಸಿ, ದೊಡ್ಡ ನಟ್ಟು ಬಿಗಿ ಮಾಡಿ. ಲಿಂಕ್ ಕಡ್ಡಿಗೆ ಮಾತ್ರ ಹೊಸ ನಟ್ಟು ಹಾಕಿ, ಒಳಗೆ ನೈಲಾನ್ ಬಳೆ ಇರುವಂಥದ್ದು. ಹಳೆಯದು ಒಮ್ಮೆ ಬಿಚ್ಚಿದ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ಡಬ್ಬಿಯಲ್ಲಿ ಸಿಕ್ಕಿದ ಯಾವುದೋ ನಟ್ಟು ಹಾಕಿದರೆ ನಡು ಹೊಳೆಯಲ್ಲಿ ಅಲುಗಾಟಕ್ಕೆ ಕಳಚಿಕೊಂಡೀತು. ಆ ನಟ್ಟನ್ನು ಎಷ್ಟು ಬಿಗಿ ಮಾಡಬೇಕು ಅಂತ ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಉಂಟು, ಅಷ್ಟೇ ಮಾಡಿ. ಲಿಂಕ್ ಕಡ್ಡಿ ಆಡಬೇಕು, ಕಟ್ಟಿಹಾಕಿದ ಹಾಗೆ ಆಗಬಾರದು. ಎಲ್ಲ ಆದ ಮೇಲೆ ಎಂಜಿನ್ ಇಳಿಸಿ ಒಮ್ಮೆ, ಎತ್ತಿ ಒಮ್ಮೆ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡಿ.

ಇನ್ನು ನಿಮ್ಮ ಗ್ರೀಸ್ ಗನ್ ಬಗ್ಗೆ. ಮುಂದೆ ಪ್ರತಿ ತಿಂಗಳು ನಿಪ್ಪಲ್‌ಗೆ ಕೊಡುವಾಗ, ಮೊದಲು ಸ್ಟೇರಿಂಗ್ ತಿರುಗಿಸಿ ರಾಡನ್ನು ಪೂರ್ತಿ ಟ್ಯೂಬಿನ ಒಳಗೆ ತಂದುಕೊಳ್ಳಿ. ಆಮೇಲೆ ಮಾತ್ರ ಗನ್. ಇದು ನಾನು ಪೆಟ್ಟು ತಿಂದು ಕಲಿತದ್ದು. ಸುಮಾರು 20 ವರ್ಷದ ಹಿಂದೆ, ರಾಡ್ ಹೊರಗೆ ಚಾಚಿಕೊಂಡಿರುವಾಗಲೇ ಉಮೇದಿನಲ್ಲಿ ಪಂಪ್ ಮಾಡಿದೆ. ರಾಡ್ ಬಿಟ್ಟ ಜಾಗವೆಲ್ಲ ಗ್ರೀಸಿನಿಂದ ತುಂಬಿತು. ದಡದಲ್ಲಿ ಗೊತ್ತಾಗಲಿಲ್ಲ. ಸಂಜೆ ವಾಪಸು ಬರುವಾಗ ಅಳಿವೆಯ ಹತ್ತಿರ ಸ್ಟೇರಿಂಗ್ ಒಂದು ಕಡೆಗೆ ಹೋಯಿತು, ಹಿಂದೆ ಬರಲಿಲ್ಲ. ರಾಡಿಗೆ ವಾಪಸು ಹೋಗಲು ಜಾಗವೇ ಇಲ್ಲ, ಗ್ರೀಸ್ ಹೂಜಿಯ ಬಿರಡೆಯ ಹಾಗೆ ಕೂತಿದೆ. ಎಂಜಿನ್ ನಿಲ್ಲಿಸಿ, ಲಂಗರು ಹಾಕಿ, ತೆರೆಗೆ ತೂಗಾಡುತ್ತಾ ನಟ್ಟು ಸಡಿಲಿಸಿದೆವು. ಶ್ಯಾವಿಗೆ ಒರಳಿನಿಂದ ಬಂದ ಹಾಗೆ ಗ್ರೀಸ್ ಎಳೆಎಳೆಯಾಗಿ ಬಂತು. ಜೊತೆಗಿದ್ದ ಭಾವ ಇವತ್ತಿಗೂ ಮನೆಯಲ್ಲಿ ಶ್ಯಾವಿಗೆ ಮಾಡಿದ ದಿನ ನನಗೆ ಫೋನ್ ಮಾಡುತ್ತಾನೆ.

ನೀವು ಈಗಾಗಲೇ ಹೊಡೆದ ಗ್ರೀಸೂ ಒಳಗೆ ಹಾಗೇ ಕೂತಿರಬಹುದು. ಆದ್ದರಿಂದ ಬಿಚ್ಚದೆ ನೀರಿಗೆ ಇಳಿಸಬೇಡಿ.

ಪ್ರಶ್ನೆ: ಸಸಿಹಿತ್ಲುವಿನಲ್ಲಿ ಗಾಳ ಹಾಕಲು ಸಣ್ಣ ದೋಣಿ ಇಟ್ಟುಕೊಂಡಿದ್ದೇನೆ. ಸ್ಟೇರಿಂಗ್ ರಾಡಿಗೆ ತೆಂಗಿನೆಣ್ಣೆ ಹಾಕಬಹುದಾ? ಸ್ಕೂಟರಿನ ಹಳೆ ಆಯಿಲ್? ಡಬ್ಲ್ಯುಡಿ-40 ಸಾಕಲ್ವಾ?

ಉತ್ತರ: ತೆಂಗಿನೆಣ್ಣೆ ತಲೆಗೆ, ಮತ್ತೆ ಹಲಸು ಕೊಯ್ಯುವಾಗ ಕೈಗೆ. ಅದು 24 ಡಿಗ್ರಿ ಹತ್ತಿರ ಗಟ್ಟಿಯಾಗಲು ಶುರು ಮಾಡುತ್ತದೆ. ಡಿಸೆಂಬರ್ ಬೆಳಿಗ್ಗೆ ಬಚ್ಚಲಿನ ಬಾಟಲಿಯಲ್ಲಿ ಏನಾಗುತ್ತದೆ ಅಂತ ನೋಡಿದ್ದೀರಲ್ಲ, ಗಾಳ ಹಾಕಲು ಹೊರಡುವ ಹೊತ್ತೂ ಅದೇ. ದಿನ ಕಳೆದ ಹಾಗೆ ಅಂಟಾಗಿ ಧೂಳನ್ನೂ ಹಿಡಿಯುತ್ತದೆ.

ಹಳೆ ಆಯಿಲ್ ತೆಳು, ಒಂದು ವಾರದಲ್ಲಿ ಉಪ್ಪುನೀರು ತೊಳೆದುಕೊಂಡು ಹೋಗುತ್ತದೆ. ಎಂಜಿನ್ನಿನ ಕೊಳೆಯೂ ಅದರಲ್ಲೇ ಇರುತ್ತದೆ. ಡಬ್ಲ್ಯುಡಿ-40 ಬೇಕು, ಆದರೆ ಸಿಕ್ಕಿದ್ದನ್ನು ಬಿಡಿಸಲು. ಅದನ್ನೇ ಕೊನೆಯ ಲೇಪ ಅಂತ ಬಿಟ್ಟರೆ ಇದ್ದ ಗ್ರೀಸನ್ನೂ ತೆಳ್ಳಗೆ ಮಾಡಿ ಹೋಗುತ್ತದೆ. ನೀರಿಗೆ ಬಿಡದ ಮೆರೈನ್ ಗ್ರೀಸ್ ಒಂದು ಡಬ್ಬಿ ತನ್ನಿ. ನಿಮ್ಮ ಸಣ್ಣ ದೋಣಿಗೆ ವರ್ಷಗಟ್ಟಲೆ ಬರುತ್ತದೆ. ಬೇರೆ ಜಾತಿಯ ಗ್ರೀಸ್ ಮೊದಲೇ ಇದ್ದರೆ ಒರೆಸಿ ತೆಗೆದು ಹೊಸದು ಹಾಕಿ. ಎರಡು ಜಾತಿ ಬೆರೆತರೆ ಕೆಲವು ಸಲ ಒಡೆದ ಹಾಲಿನ ಹಾಗೆ ಆಗುತ್ತದೆ.

ಪ್ರಶ್ನೆ: ಉಳ್ಳಾಲದಿಂದ ಬರೆಯುತ್ತಿದ್ದೇನೆ. ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಒಂದು ಕಡೆ ಸೀಳಿದೆ, ಸ್ವಲ್ಪ ಉಬ್ಬಿದೆ. ಎಂ-ಸೀಲ್ ಹಾಕಿ ಟೇಪ್ ಸುತ್ತಿದರೆ ಒಂದು ಸೀಸನ್ ಓಡಬಹುದಾ?

ಉತ್ತರ: ಬೇಡ. ಉಬ್ಬಿದೆ ಅಂದರೆ ಒಳಗೆ ನೀರು ಹೋಗಿ ತಂತಿ ತುಕ್ಕು ಹಿಡಿದು ಊದಿಕೊಂಡಿದೆ. ಟೇಪ್ ಸುತ್ತಿದರೆ ನೀರು ಒಳಗೇ ಉಳಿಯುತ್ತದೆ, ಅಷ್ಟೇ ಲಾಭ. ನೇತ್ರಾವತಿಯ ಅಳಿವೆಯಲ್ಲಿ ಸ್ಟೇರಿಂಗ್ ಕೈಕೊಟ್ಟರೆ ಏನಾಗುತ್ತದೆ ಅಂತ ನಿಮಗೆ ಹೇಳಿಕೊಡಬೇಕಾ?

ಹೊಸ ಕೇಬಲ್ ತರುವಾಗ ಹಳೆಯದರ ಮೇಲೆ ಅಚ್ಚಾಗಿರುವ ನಂಬರು, ಉದ್ದ ಬರೆದುಕೊಂಡು ಹೋಗಿ. ಉದ್ದ ಹೆಚ್ಚಾಗಿ ಅಡಿ ಲೆಕ್ಕದಲ್ಲಿ ಇರುತ್ತದೆ. ನಂಬರು ಮಾಸಿದ್ದರೆ ಹಳೆ ಕೇಬಲನ್ನೇ ಹೆಗಲಿಗೆ ಹಾಕಿಕೊಂಡು ಹೋಗಿ. ನಾನೊಮ್ಮೆ ಅಂದಾಜಿಗೆ ಹೇಳಿದೆ, ಅಂಗಡಿಯವನು ಎರಡು ಅಡಿ ಉದ್ದದ್ದು ಕೊಟ್ಟು 'ಜಾಸ್ತಿ ಇದ್ದರೆ ಒಳ್ಳೆಯದೇ' ಅಂದ. ಹೆಚ್ಚಾದ ಎರಡು ಅಡಿಯನ್ನು ಸೀಟಿನ ಕೆಳಗೆ ಸುತ್ತಿ ತುರುಕಿದೆ. ಹೊಸ ಕೇಬಲ್, ಹಳೆಯದಕ್ಕಿಂತ ಬಿಗಿ! ಈ ಕೇಬಲನ್ನು ಎಲ್ಲಿಯೂ 8 ಇಂಚು ತ್ರಿಜ್ಯಕ್ಕಿಂತ ಸಣ್ಣಗೆ ಬಗ್ಗಿಸಬಾರದು. ಅಂದರೆ ಪೂರ್ತಿ ಸುತ್ತು ಬಂದರೆ 16 ಇಂಚು ಅಗಲ, ಹೆಚ್ಚುಕಡಿಮೆ ಒಂದು ದೊಡ್ಡ ಗೆರಸೆಯಷ್ಟು. ತಿರುವು ಕಡಿಮೆ ಇದ್ದಷ್ಟೂ ಕೈಗೆ ಹಗುರ.

ಎರಡು ಸ್ಟೇರಿಂಗ್ ಕೇಬಲ್ ಇರುವ ದೋಣಿಯಾದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಒಂದೇ ದಿನ ಹಾಕಿದ್ದಲ್ವಾ, ಇನ್ನೊಂದರ ವಯಸ್ಸೂ ಅಷ್ಟೇ.

ಪ್ರಶ್ನೆ: ನಮ್ಮದು ನಾಡದೋಣಿ, ಮಲ್ಪೆ ಹತ್ತಿರ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ರಜೆ ಇರುವಾಗಲೇ ನಮಗೆ ಕೆಲಸ ಜಾಸ್ತಿ. ಎಂಜಿನ್ನಿಗೆ ಹ್ಯಾಂಡಲ್ ಮಾತ್ರ, ಕೇಬಲ್ ಇಲ್ಲ. ಯಜಮಾನರು 'ನಮಗೆ ಈ ತಲೆನೋವೇ ಇಲ್ಲ' ಅನ್ನುತ್ತಾರೆ. ಹೌದಾ?

ಉತ್ತರ: ಅರ್ಧ ಹೌದು ಅಕ್ಕ. ಕೇಬಲಿನ ತಲೆನೋವು ಇಲ್ಲ. ಆದರೆ ಮೊದಲ ಉತ್ತರದಲ್ಲಿ ಹೇಳಿದ ಸ್ವಿವೆಲ್ ನಿಮ್ಮ ಎಂಜಿನ್ನಿಗೂ ಉಂಟು, ಟಿಲ್ಟ್ ಟ್ಯೂಬೂ ಉಂಟು. ಆ 61 ದಿನದ ಮಳೆ, ತೆರೆ ಎಲ್ಲ ಅದರ ಮೇಲೇ. ಸ್ವಿವೆಲ್ ಬಿಗಿಯಾದರೆ ಹ್ಯಾಂಡಲ್ ಹಿಡಿದವರ ಭುಜಕ್ಕೆ ಗೊತ್ತಾಗುತ್ತದೆ. ಯಜಮಾನರು ಸಂಜೆ ಬಂದು ಬಲಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರಾ ನೋಡಿ.

ದಿನವೂ ಸಿಹಿನೀರಿನಲ್ಲಿ ಎಂಜಿನ್ ತೊಳೆಯುವಾಗ ಅದನ್ನು ದೋಣಿಗೆ ಹಿಡಿಸಿದ ಬ್ರ್ಯಾಕೆಟ್ಟಿಗೂ ಒಂದು ಕೊಡಪಾನ ನೀರು ಹೊಯ್ಯಲು ಹೇಳಿ. ತಿಂಗಳಿಗೊಮ್ಮೆ ನಿಪ್ಪಲ್‌ಗಳಿಗೆ ಗ್ರೀಸ್. ದಿನ ನೆನಪಿಡಲು ನಮ್ಮ ಶೆಡ್ಡಿನಲ್ಲಿ ತಿಂಗಳು ತಿಂಗಳು ಬರುವ ಸಂಕ್ರಾಂತಿಯ ಲೆಕ್ಕ ಇಟ್ಟುಕೊಂಡಿದ್ದೇವೆ. ಅವತ್ತು ಹೇಗೂ ಮೀನಿಲ್ಲ, ಮಧ್ಯಾಹ್ನ ಊಟವೂ ಬೇಗ ಮುಗಿಯುತ್ತದೆ.